ಮೋಡ ಇಳಿಸಿಕೊಳ್ಳುವ ಬೆಟ್ಟದ ನೆತ್ತಿಯಲ್ಲಿ

ಶಿಕಾರಿಪುರದ ಕಡೆಯ ನಮ್ಮೂರು ಈಸೂರಿನಿಂದ ಕತ್ತಲಿರುವಾಗಲೇ ಹೊರಟೆವು. ಕೆರೆ ಏರಿ, ಮೆಕ್ಕೆಜೋಳದ ಹೊಲ ಹಿಂದೆ ಸರಿದವು. ಹೊಸನಗರ, ನಗರ ದಾಟಿ ಸಂಪೆಕಟ್ಟೆಗೆ ಬರುವಷ್ಟರಲ್ಲಿ ಗಾಳಿಯಲ್ಲೇ ನೀರಿನ ಪಸೆಯಿತ್ತು. ಅಲ್ಲಿಂದ ಮುಂದೆ ಬೆಟ್ಟಕ್ಕೆ ಜೀಪು. ರಸ್ತೆ ಅನ್ನುವುದಕ್ಕಿಂತ ಮಳೆ ಕೊರೆದ ಕೆಂಪು ಹಳ್ಳ ಅನ್ನಬೇಕು.

ಜೀಪು ನಿಂತದ್ದು ಹಳೆಯ ದೇವಿ ಗುಡಿಯ ಅಂಗಳದಲ್ಲಿ. ಪಕ್ಕದಲ್ಲಿ ನೀಳವಾದ ಕಬ್ಬಿಣದ ಕಂಬ. ಈ ಬೆಟ್ಟದ ಒಡಲಲ್ಲಿ ಕಬ್ಬಿಣದ ಅದಿರಿದೆ. ಕಾಲಬಳಿಯ ಕಲ್ಲೊಂದನ್ನು ಎತ್ತಿ ನೋಡಿದೆ, ಗಾತ್ರಕ್ಕಿಂತ ಭಾರ ಹೆಚ್ಚು ಅನಿಸಿತು.

ಕಾಲುದಾರಿ ಮೊದಲು ಶೋಲಾ ಕಾಡನ್ನು ಹೊಗುತ್ತದೆ. ಕಣಿವೆಯ ಮಡಿಕೆಗಳಲ್ಲಷ್ಟೇ ಅಡಗಿದ ಕಾಡು ಅದು. ಮರಗಳು ಗಿಡ್ಡ, ಕೊಂಬೆ ತಿರುಚು, ಮೈಯೆಲ್ಲ ಪಾಚಿ. ಹತ್ತು ಹೆಜ್ಜೆ ಏರಿ ದಿಣ್ಣೆಗೆ ಬಂದರೆ ಮರವೇ ಇಲ್ಲ, ಬರೀ ಹುಲ್ಲು. ಗಾಳಿಯ ಹೊಡೆತವೋ, ತೆಳು ಮಣ್ಣೋ? ಎರಡೂ ಇರಬೇಕು ಅಂದುಕೊಂಡೆ.

ನೆತ್ತಿಯಲ್ಲಿ ಸರ್ವಜ್ಞ ಪೀಠವೆನ್ನುವ ಪುಟ್ಟ ಕಲ್ಲುಮಂಟಪ. ಎತ್ತರ 1343 ಮೀಟರ್. ಶಿಕಾರಿಪುರದ ನೆಲ ಸುಮಾರು 600. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಂಪು ಅನ್ನುವ ಲೆಕ್ಕದಲ್ಲಿ ಇಲ್ಲಿ ಊರಿಗಿಂತ ನಾಲ್ಕೈದು ಡಿಗ್ರಿ ಕಡಿಮೆ. ಆದರೆ ಆ ಗಾಳಿಯಲ್ಲಿ ಮೈ ಹೇಳಿದ ಲೆಕ್ಕವೇ ಬೇರೆ. ಮಂಟಪದ ಗೋಡೆಗೆ ಆತು ಕುಳಿತೆ.

ಪಶ್ಚಿಮದ ಅಂಚಿಗೆ ಹೋದರೆ ನೆಲ ಒಮ್ಮೆಲೇ ಮುಗಿಯುತ್ತದೆ. ಕೆಳಗೆ ಕೊಲ್ಲೂರಿನ ಕಾಡು, ಅದರಾಚೆ ಒಂದು ಬಿಳಿ ಗೆರೆ. ಕಡಲೋ ಮಂಜೋ, ಖಾತ್ರಿಯಾಗಿ ಹೇಳಲಾರೆ. ನೋಡುತ್ತಿದ್ದಂತೆ ಕಣಿವೆಯಿಂದ ಮಂಜು ಎದ್ದು ಬಂತು, ಅಂಗಿ ತೊಯ್ದಿತು. ಮಳೆಗಾಲದಲ್ಲಿ ನಡೆಯುವುದೂ ಇದೇ, ಸಾವಿರ ಪಾಲು ದೊಡ್ಡದಾಗಿ. ಕಡಲ ಗಾಳಿ ಘಟ್ಟದ ಈ ಗೋಡೆಗೆ ಬಡಿದು ಮೇಲೇರುತ್ತದೆ, ತಣಿಯುತ್ತದೆ, ಹೊತ್ತ ನೀರನ್ನು ಇಲ್ಲೇ ಇಳಿಸುತ್ತದೆ. ಇದೇ ಘಟ್ಟಸಾಲಿನ ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ಮೀರಿದ ಮಳೆ, ಶಿಕಾರಿಪುರದ ಕಡೆಗೆ ಸಾವಿರದ ಆಸುಪಾಸು. ನಮ್ಮ ಹಿರಿಯರು ಊರೂರಿಗೆ ಕೆರೆ ಕಟ್ಟಿದ್ದೇಕೆಂದು ಈ ಅಂಚಿನಲ್ಲಿ ನಿಂತಾಗ ಅರ್ಥವಾಯಿತು.

ಪೂರ್ವಕ್ಕೆ ತಿರುಗಿದೆ. ದೂರದಲ್ಲಿ ಶರಾವತಿ ಹಿನ್ನೀರು ಮಿನುಗುತ್ತಿತ್ತು. ತಲೆ ದಾಟಿದ ಮಂಜು ಆ ಇಳಿಜಾರಿಗೆ ಜಾರುತ್ತ, ತೆಳ್ಳಗಾಗುತ್ತ, ಕಾಡಿನ ಮೇಲೆಯೇ ಕರಗಿಹೋಯಿತು.