ಕೈಪಿಡಿಯಲ್ಲಿಲ್ಲದ ರಿಪೇರಿ

ಎರರ್ ಕೋಡ್ ಇ053. ತಂತ್ರಜ್ಞ ಕೈಪಿಡಿ ಹೇಳಿದ್ದನ್ನೆಲ್ಲ ಮಾಡಿದ್ದಾನೆ, ಕಾಪಿಯರ್ ಸರಿಹೋಗಿಲ್ಲ. ನೆರವಿಗೆ ಬಂದ ತಜ್ಞನಿಗೂ ದಾರಿ ತೋಚುತ್ತಿಲ್ಲ. ಇಬ್ಬರೂ ತಾವು ಕಂಡ, ಕೇಳಿದ ರಿಪೇರಿಗಳ ಕತೆ ಹೇಳಿಕೊಳ್ಳತೊಡಗಿದರು. ಒಂದು ಕತೆ ಇನ್ನೊಂದನ್ನು ನೆನಪಿಸುತ್ತ ಹೋಗಿ ಕೊನೆಗೆ ಗುಟ್ಟು ಸಿಕ್ಕಿತು: ಕೋಡ್ ಬೆರಳು ತೋರಿಸುತ್ತಿದ್ದದ್ದೇ ತಪ್ಪು ಜಾಗಕ್ಕೆ.

1980ರ ದಶಕದಲ್ಲಿ ಜೆರಾಕ್ಸ್ ತಂತ್ರಜ್ಞರ ಜೊತೆ ಓಡಾಡಿದ ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ದಾಖಲಿಸಿದ ಪ್ರಸಂಗವಿದು. ಸಾವಿರಾರು ಮಂದಿ ಒಂದೇ ಕ್ರಮದಲ್ಲಿ ಬೇಗ ಕೆಲಸ ಮುಗಿಸಬೇಕಾದರೆ ಕೈಪಿಡಿ ಬೇಕೇ ಬೇಕು. ಆದರೆ ಯಂತ್ರದ ವಯಸ್ಸು, ಕೋಣೆಯ ತೇವ, ಬಳಸುವವರ ಅಭ್ಯಾಸ ಕೈಪಿಡಿಗೆ ಗೊತ್ತಿಲ್ಲ. ಅವು ಗೊತ್ತಿದ್ದದ್ದು ಕಾಫಿ ಕುಡಿಯುತ್ತ ಕೂತ ತಂತ್ರಜ್ಞರ ಮಾತಿಗೆ.

1991ರಲ್ಲಿ ಸಂಸ್ಥೆಗಳ ಅಧ್ಯಯನಕಾರ ಜೇಮ್ಸ್ ಮಾರ್ಚ್, ಗೊತ್ತಿರುವ ಕ್ರಮ ಮತ್ತು ಹೊಸ ಹುಡುಕಾಟದ ನಡುವಿನ ಈ ಎಳೆದಾಟವನ್ನು ಒಂದು ಪ್ರಬಂಧದಲ್ಲಿ ವಿವರಿಸಿದರು. ಗೊತ್ತಿರುವ ದಾರಿಯ ಲಾಭ ಹತ್ತಿರದ್ದು, ಖಚಿತ. ಹೊಸ ಹುಡುಕಾಟದ ಫಲ ದೂರದ್ದು, ಅನಿಶ್ಚಿತ. ಹಾಗಾಗಿ ಸಂಸ್ಥೆಗಳು ಮೊದಲನೆಯದರತ್ತಲೇ ವಾಲುತ್ತವೆ. ಓರ್ ಕಂಡದ್ದನ್ನು ಆಧರಿಸಿ ಜಾನ್ ಸೀಲಿ ಬ್ರೌನ್ ಮತ್ತು ಪಾಲ್ ಡುಗುಯಿಡ್ ಬರೆದ ಪ್ರಬಂಧವೂ, ಮಾರ್ಚ್ ಅವರ ಪ್ರಬಂಧ ಬಂದ ನಿಯತಕಾಲಿಕದ ಅದೇ ಸಂಚಿಕೆಯಲ್ಲಿ ಬಂತು.

ಜೆರಾಕ್ಸ್‌ನ ಪಾಲೊ ಆಲ್ಟೊ ಸಂಶೋಧಕರು 1990ರ ದಶಕದಲ್ಲಿ ಕಟ್ಟಿದ ‘ಯುರೇಕಾ’ ಎಂಬ ದತ್ತಾಂಶ ಕೋಶ ಈ ಕಾಫಿ ಮಾತುಗಳಿಗೆ ಒಂದು ನೆಲೆ ಕೊಟ್ಟಿತು. ಮೊದಲು ಬಳಕೆಗೆ ಬಂದದ್ದು ಫ್ರಾನ್ಸಿನಲ್ಲಿ. ತಂತ್ರಜ್ಞನೊಬ್ಬ ತಾನು ಕಂಡುಕೊಂಡ ಉಪಾಯ ಬರೆದು ಕಳಿಸುತ್ತಿದ್ದ. ಅನುಭವಸ್ಥ ಸಹೋದ್ಯೋಗಿಗಳು ಅದನ್ನು ಪರೀಕ್ಷಿಸುತ್ತಿದ್ದರು. ಪರೀಕ್ಷೆಯಲ್ಲಿ ನಿಂತರೆ ಅದು ಬರೆದವನ ಹೆಸರಿನೊಂದಿಗೆ ಎಲ್ಲರಿಗೂ ಸಿಗುತ್ತಿತ್ತು. ಹಣದ ಬಹುಮಾನಕ್ಕಿಂತ ಹೆಸರು ಉಳಿಯುವುದೇ ಅವರಿಗೆ ಮುಖ್ಯವಾಗಿತ್ತು. ಇದು ನನ್ನನ್ನು ಬಹಳ ತಟ್ಟಿದ ವಿವರ. ಒಂದು ದತ್ತಾಂಶ ಕೋಶ ಕಟ್ಟುವುದು ಹೆಚ್ಚು ಕಷ್ಟವಲ್ಲ. ಯಾರು ಪರೀಕ್ಷಿಸಬೇಕು, ಯಾರ ಹೆಸರು ಇರಬೇಕು ಎಂಬ ಏರ್ಪಾಡೇ ಇಲ್ಲಿನ ನಿಜವಾದ ಆವಿಷ್ಕಾರ. ಸಾಮಾಜಿಕ ತಂತ್ರಜ್ಞಾನ ಎಂದು ನಾನು ಕರೆಯುವುದು ಇದನ್ನೇ. ಒಬ್ಬನ ಹೊಸ ಉಪಾಯ, ಜೊತೆಗಾರರ ಒಪ್ಪಿಗೆ ಪಡೆದು, ಎಲ್ಲರ ನಿತ್ಯದ ಕ್ರಮವಾಗುತ್ತದೆ.

ಒಂದು ಉದಾಹರಣೆ: ಬ್ರೆಜಿಲ್‌ನಲ್ಲಿ ಸುಮಾರು 40,000 ಡಾಲರ್ ಬೆಲೆಯ ಬಣ್ಣದ ಕಾಪಿಯರ್ ಪದೇ ಪದೇ ಕೆಟ್ಟು, ಅದನ್ನೇ ಬದಲಿಸುವ ಹಂತ ಬಂದಿತ್ತು. ಅಲ್ಲಿನ ತಂತ್ರಜ್ಞ ಯುರೇಕಾದಲ್ಲಿ ಹುಡುಕಿದಾಗ ಮಾಂಟ್ರಿಯಲ್‌ನ ಒಬ್ಬರು ಬರೆದ ಉಪಾಯ ಸಿಕ್ಕಿತು. ಕೆಟ್ಟಿದ್ದದ್ದು ತೀರಾ ಕಡಿಮೆ ಬೆಲೆಯ ಒಂದು ಸಣ್ಣ ಭಾಗ.