ಹಳೆಯ ಲ್ಯಾಪ್‌ಟಾಪ್‌ಗೆ ಮೋಡೆಮ್ ಕಾರ್ಡ್: ಆಯ್ಕೆ, ಜೋಡಣೆ ಮತ್ತು ದೋಷ ಪರಿಹಾರ

ಪಹಣಿ ಪಡೆಯುವುದು, ಬೆಳೆ ವಿಮೆಗೆ ಅರ್ಜಿ ಹಾಕುವುದು, ಮಾರುಕಟ್ಟೆ ಧಾರಣೆ ಮತ್ತು ಹವಾಮಾನ ಮುನ್ಸೂಚನೆ ನೋಡುವುದು ಇವೆಲ್ಲವೂ ಇಂದು ಬಹುಮಟ್ಟಿಗೆ ಅಂತರಜಾಲದ ಮೂಲಕವೇ ನಡೆಯುತ್ತಿವೆ. ಕಾಲೇಜು ಮುಗಿಸಿದ ಮಕ್ಕಳು ಬಿಟ್ಟುಹೋದ ಅಥವಾ ನಗರದ ಕಚೇರಿಗಳಿಂದ ಹೊರಬಿದ್ದ ಲ್ಯಾಪ್‌ಟಾಪ್‌ಗಳು ಅನೇಕ ರೈತರ ಮನೆಗಳಲ್ಲಿ, ಹಾಲು ಉತ್ಪಾದಕರ ಸಂಘಗಳಲ್ಲಿ ಇವೆ. ಯಂತ್ರ ಚೆನ್ನಾಗಿಯೇ ಇರುತ್ತದೆ, ಸಂಪರ್ಕ ಮಾತ್ರ ಇರುವುದಿಲ್ಲ. ಆಗ ಪೇಟೆಗೆ ಹೋಗಿ ಅಗ್ಗದ ದರಕ್ಕೆ ಒಂದು ಮೋಡೆಮ್ ಕಾರ್ಡ್ ತಂದು ಹಾಕಿಸುವವರುಂಟು. ಹೀಗೆ ತಂದ ಕಾರ್ಡುಗಳಲ್ಲಿ ಎಷ್ಟೋ ಕಾರ್ಡುಗಳು ಕೆಟ್ಟಿರುವುದಿಲ್ಲ. ಆದರೆ ಅವು ಕೇಳಬಲ್ಲ ಜಾಲವೇ ನಮ್ಮ ದೇಶದಲ್ಲಿ ಉಳಿದಿರುವುದಿಲ್ಲ. ಹಣ ಹೋಗುವುದರ ಜೊತೆಗೆ ಅರ್ಜಿಯ ಕೊನೆಯ ದಿನವೂ ಕೈತಪ್ಪುವುದುಂಟು. ಆದ್ದರಿಂದ ಕಾರ್ಡಿನ ಆಯ್ಕೆಗೆ ಜೋಡಣೆಗಿಂತ ಹೆಚ್ಚು ಗಮನ ಕೊಡುವುದು ಅವಶ್ಯಕ.

ಮೋಡೆಮ್ ಎಂದರೇನು?

ಗಣಕಯಂತ್ರದೊಳಗಿನ ಅಂಕಿಗಳನ್ನು ತಂತಿಯಲ್ಲಿ ಅಥವಾ ಗಾಳಿಯಲ್ಲಿ ಸಾಗಬಲ್ಲ ಅಲೆಗಳನ್ನಾಗಿ ಮಾರ್ಪಡಿಸಿ ಕಳುಹಿಸುವ, ಹಾಗೆಯೇ ಬಂದ ಅಲೆಗಳನ್ನು ಮರಳಿ ಅಂಕಿಗಳನ್ನಾಗಿ ಮಾಡುವ ಸಾಧನವೇ ಮೋಡೆಮ್. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ 1995ರ ಆಗಸ್ಟ್ 15ರಂದು ಆರಂಭವಾದಾಗ ಮೋಡೆಮ್ ಅನ್ನು ದೂರವಾಣಿ ತಂತಿಗೆ ಜೋಡಿಸಲಾಗುತ್ತಿತ್ತು. ಆ ಬಗೆಯ ಮೋಡೆಮ್ ಮುಂದೆ ಎಷ್ಟೇ ಸುಧಾರಿಸಿದರೂ ಸೆಕೆಂಡಿಗೆ 56 ಕಿಲೋಬಿಟ್ ಅದರ ಗರಿಷ್ಠ ವೇಗವಾಗಿತ್ತು. ಒಂದು ಮೆಗಾಬೈಟ್ ಗಾತ್ರದ ಮೋಡದ ಚಿತ್ರ ಇಳಿಯಲು ಎರಡೂವರೆ ನಿಮಿಷ ಬೇಕಾಗುತ್ತಿತ್ತು. ಹಳೆಯ ಲ್ಯಾಪ್‌ಟಾಪ್‌ನ ಪಕ್ಕದಲ್ಲಿ ದೂರವಾಣಿ ತಂತಿ ಸಿಕ್ಕಿಸುವ ಸಣ್ಣ ಚೌಕ ತೂತು ಇದ್ದರೆ, 'ಇದರಲ್ಲಿ ಮೋಡೆಮ್ ಇದೆ' ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ ಅದು ಈ ಹಳೆಯ ಬಗೆಯದು, ಇಂದಿನ ಕೆಲಸಕ್ಕೆ ಬಾರದು. ಈಗ ಬೇಕಾಗಿರುವುದು ಸಿಮ್ ಹಾಕಿ ಮೊಬೈಲ್ ಗೋಪುರದೊಡನೆ ಮಾತನಾಡಬಲ್ಲ ಮೋಡೆಮ್.

ಮೊದಲು ಸಿಗ್ನಲ್ ಪರೀಕ್ಷೆ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಕೊಳ್ಳಬಾರದೆಂದು ನಾವು ಹೇಳುತ್ತಲೇ ಬಂದಿದ್ದೇವೆ. ಇಲ್ಲಿಯೂ ಅದೇ ಕ್ರಮ ಸರಿ. ಲ್ಯಾಪ್‌ಟಾಪ್ ಇಡಲಿರುವ ಜಾಗದಲ್ಲಿಯೇ ನಿಂತು, ಬಳಸಬೇಕೆಂದಿರುವ ಕಂಪನಿಯ ಸಿಮ್ ಇರುವ ಮೊಬೈಲ್ ಫೋನಿನಲ್ಲಿ ಸಿಗ್ನಲ್ ಅಳೆಯಬೇಕು. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ಕುರಿತಾದ ಭಾಗದಲ್ಲಿ ಸಿಮ್ ಸ್ಥಿತಿಯನ್ನು ತೆರೆದರೆ ಸಿಗ್ನಲ್ ಬಲವು ಡಿ.ಬಿ.ಎಂ. ಎಂಬ ಮಾನದಲ್ಲಿ ಋಣ ಸಂಖ್ಯೆಯಾಗಿ ಕಾಣುತ್ತದೆ. 4ಜಿ ಜಾಲದಲ್ಲಿ ಇದು ಮೈನಸ್ 80ರ ಆಸುಪಾಸಿನಲ್ಲಿದ್ದರೆ ಉತ್ತಮ, ಮೈನಸ್ 100ರ ಸುಮಾರಿಗಿದ್ದರೆ ಸಾಧಾರಣ. ಮೈನಸ್ 110ನ್ನು ದಾಟಿದ್ದರೆ ಕಾರ್ಡ್ ಎಷ್ಟು ಒಳ್ಳೆಯದಾದರೂ ಸಂಪರ್ಕ ಮೇಲಿಂದ ಮೇಲೆ ಕಡಿಯುತ್ತದೆ. ಮನೆಯ ನಾಲ್ಕಾರು ಕಡೆ, ಅಟ್ಟದ ಮೇಲೆ, ಕಿಟಕಿಯ ಬಳಿ ಅಳತೆ ಮಾಡಿ ಬರೆದುಕೊಳ್ಳುವುದು ಒಳ್ಳೆಯದು. ತಗಡಿನ ಮಾಡಿನ ಕೆಳಗೂ ಹೊರ ಜಗುಲಿಯಲ್ಲೂ ಸಿಗುವ ಅಂಕಿಗಳಲ್ಲಿ ಬಹಳ ಅಂತರವಿರುತ್ತದೆ. ದಟ್ಟವಾದ ಅಡಿಕೆ ತೋಟದ ನಡುವಿನ ಮನೆಯಾದರೆ ಮಳೆಗಾಲದಲ್ಲಿಯೂ ಒಮ್ಮೆ ಅಳೆಯಬೇಕು. ನೀರು ಹಿಡಿದ ಎಲೆಗಳು ಈ ಅಲೆಗಳನ್ನು ಹೀರುತ್ತವೆ.

ಜಾಲ ಮತ್ತು ಬ್ಯಾಂಡ್

ಹಳೆಯ ಕಾರ್ಡುಗಳ ವಿಷಯದಲ್ಲಿ ಹೆಚ್ಚಿನ ನಷ್ಟವಾಗುವುದು ಇಲ್ಲಿಯೇ. 2009ರಿಂದ ಕೆಲವು ವರ್ಷ ನಮ್ಮಲ್ಲಿ ಸಿ.ಡಿ.ಎಂ.ಎ. ಬಗೆಯ ಡೇಟಾ ಕಾರ್ಡುಗಳು ಬಹಳ ಮಾರಾಟವಾದವು. ಆ ಸೇವೆಗಳೆಲ್ಲ ಮುಚ್ಚಿಹೋಗಿವೆ. ಆ ಕಾರ್ಡನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಪ್ರಯೋಜನವಿಲ್ಲ. ಅನಂತರ ಬಂದ 3ಜಿ ಕಾರ್ಡುಗಳ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಏರ್‌ಟೆಲ್ ತನ್ನ 3ಜಿ ಜಾಲವನ್ನು 2019-20ರಲ್ಲಿ ವಲಯವಾರು ಮುಚ್ಚುತ್ತಾ ಬಂದಿತು. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೋ ಕಂಪನಿಗೆ 2ಜಿ ಅಥವಾ 3ಜಿ ಜಾಲ ಎಂದೂ ಇರಲಿಲ್ಲ. ಹೀಗಾಗಿ 3ಜಿ ಕಾರ್ಡಿಗೆ ಜಿಯೋ ಸಿಮ್ ಹಾಕಿದರೆ ಏನೂ ಸಿಗದು, ಏರ್‌ಟೆಲ್ ಸಿಮ್ ಹಾಕಿದರೆ ಆಮೆ ವೇಗದ 2ಜಿ ಸಿಕ್ಕೀತು. ಉದಾಹರಣೆಗೆ, 2011ರ ಲೆನೊವೊ ಥಿಂಕ್‌ಪ್ಯಾಡ್ ಟಿ420 ಮತ್ತು ಎಕ್ಸ್220 ಮಾದರಿಗಳಿಗೆ ಎರಿಕ್‌ಸನ್ ಎಫ್5521 ಎಂಬ ಕಾರ್ಡ್ ಬರುತ್ತಿತ್ತು. ತನ್ನ ಕಾಲಕ್ಕೆ ಅದು ಸೆಕೆಂಡಿಗೆ 21 ಮೆಗಾಬಿಟ್ ವೇಗದ ಉತ್ತಮ 3ಜಿ ಕಾರ್ಡ್. 4ಜಿ ಅದಕ್ಕೆ ತಿಳಿಯದು.

4ಜಿ ಎಂದು ಬರೆದಿದ್ದರೆ ಸಾಕೇ? ಸಾಲದು. 4ಜಿ ಸೇವೆಯನ್ನು ಬೇರೆ ಬೇರೆ ಆವರ್ತನಗಳಲ್ಲಿ ಕೊಡಲಾಗುತ್ತದೆ. ಪ್ರತಿಯೊಂದು ಆವರ್ತನ ಸಮೂಹಕ್ಕೂ ಬ್ಯಾಂಡ್ ಎಂಬ ಸಂಖ್ಯೆ ಇದೆ. ಜಿಯೋ ಬಳಸುವುದು 3, 5 ಮತ್ತು 40ನೇ ಬ್ಯಾಂಡ್‌ಗಳನ್ನು, ಏರ್‌ಟೆಲ್ ಮುಖ್ಯವಾಗಿ 1, 3, 8 ಮತ್ತು 40ನ್ನು, ಬಿ.ಎಸ್.ಎನ್.ಎಲ್.ನ 4ಜಿ 1 ಮತ್ತು 28ರಲ್ಲಿದೆ. ಇವುಗಳಲ್ಲಿ 5, 8 ಮತ್ತು 28 ಕಡಿಮೆ ಆವರ್ತನದವು, ಅಂದರೆ ಕ್ರಮವಾಗಿ 850, 900 ಮತ್ತು 700 ಮೆಗಾಹರ್ಟ್ಸ್. ಕಡಿಮೆ ಆವರ್ತನದ ಅಲೆ ದೂರ ಸಾಗುತ್ತದೆ, ಗೋಡೆಯನ್ನೂ ಗಿಡಮರಗಳನ್ನೂ ಹೆಚ್ಚು ಸುಲಭವಾಗಿ ದಾಟುತ್ತದೆ. 2300 ಮೆಗಾಹರ್ಟ್ಸ್‌ನ 40ನೇ ಬ್ಯಾಂಡ್ ಪೇಟೆಯಲ್ಲಿ ಚುರುಕಾಗಿದ್ದರೂ ಗೋಪುರದಿಂದ ದೂರವಿರುವ ಹಳ್ಳಿಯಲ್ಲಿ ಕ್ಷೀಣಿಸುತ್ತದೆ. ಆದ್ದರಿಂದ ಹಳ್ಳಿಯ ಬಳಕೆಗೆ ತರುವ ಕಾರ್ಡಿನಲ್ಲಿ ನಿಮ್ಮ ಕಂಪನಿಯ ಕಡಿಮೆ ಆವರ್ತನದ ಬ್ಯಾಂಡ್ ಇರಲೇಬೇಕು.

ಹೊರದೇಶಗಳಿಂದ ಬಂದ ಹಳೆಯ ಕಾರ್ಡುಗಳು ನಮ್ಮಲ್ಲಿ ಅಗ್ಗವಾಗಿ ಸಿಗುತ್ತವೆ. ಸಿಯರ್ರಾ ವೈರ್‌ಲೆಸ್‌ನ ಎಂ.ಸಿ.7455 ಅಮೆರಿಕ ಮತ್ತು ಯುರೋಪಿಗಾಗಿ ಮಾಡಿದ ಕಾರ್ಡ್. ಅದರಲ್ಲಿ 3 ಮತ್ತು 5 ಇವೆ, 8, 28 ಮತ್ತು 40 ಇಲ್ಲ. ಜಿಯೋ ಸಿಮ್‌ಗೆ ತಕ್ಕಮಟ್ಟಿಗೆ ಆದೀತು, ಬಿ.ಎಸ್.ಎನ್.ಎಲ್.ನ 28ನೇ ಬ್ಯಾಂಡ್ ಮಾತ್ರ ಇರುವ ಊರಿನಲ್ಲಿ ಆಗದು. ಅದೇ ಕುಟುಂಬದ ಎಂ.ಸಿ.7430 ಏಷ್ಯಾದ ಕಡೆಗಾಗಿ ಮಾಡಿದ್ದು. ಮೇಲೆ ಹೇಳಿದ ಎಲ್ಲ ಬ್ಯಾಂಡ್‌ಗಳೂ ಅದರಲ್ಲಿವೆ. ಎರಡೂ ನೋಡಲು ಒಂದೇ ರೀತಿ ಇರುತ್ತವೆ. ಚೀಟಿಯ ಮೇಲಿನ ಸಂಖ್ಯೆಯನ್ನು ಸ್ವತಃ ಓದಿ ನೋಡದೆ ಹಣ ಕೊಡಬಾರದು. ಯಾವುದಾದರೂ ಒಂದು ಕಂಪನಿಯ ಸಿಮ್‌ಗೆ ಮಾತ್ರ ಲಾಕ್ ಆಗಿರುವ ಡಾಂಗಲ್‌ಗಳೂ ಉಂಟು. ನಿಮ್ಮದೇ ಸಿಮ್ ಹಾಕಿ ಅಂಗಡಿಯಲ್ಲೇ ಪರೀಕ್ಷಿಸುವುದು ಲೇಸು.

ಕಾರ್ಡಿಗೆ ಜಾಗ

ಲ್ಯಾಪ್‌ಟಾಪ್‌ನ ವಯಸ್ಸಿಗೆ ತಕ್ಕಂತೆ ಕಾರ್ಡಿನ ಜಾಗ ಬದಲಾಗುತ್ತದೆ. ಬಹಳ ಹಳೆಯವುಗಳಲ್ಲಿ ಪಕ್ಕದಿಂದ ತೂರಿಸುವ, 54 ಮಿ.ಮೀ. ಅಗಲದ ಪಿ.ಸಿ. ಕಾರ್ಡ್ ಸಂದು ಇರುತ್ತದೆ. ಅನಂತರದವುಗಳಲ್ಲಿ 34 ಮಿ.ಮೀ. ಅಗಲದ ಎಕ್ಸ್‌ಪ್ರೆಸ್‌ಕಾರ್ಡ್ ಬಂತು. ಇವೆರಡಕ್ಕೂ 4ಜಿ ಕಾರ್ಡ್ ಹುಡುಕುತ್ತಾ ಅಲೆಯುವುದು ವ್ಯರ್ಥ. ಅಂಥ ಯಂತ್ರಗಳಿಗೆ ಯು.ಎಸ್.ಬಿ. ಡಾಂಗಲ್ ಮೇಲು. ಸುಮಾರು 2008ರಿಂದ 2013ರವರೆಗಿನ ಲ್ಯಾಪ್‌ಟಾಪ್‌ಗಳಲ್ಲಿ ಒಳಗಡೆ ಮಿನಿ ಪಿ.ಸಿ.ಐ. ಎಕ್ಸ್‌ಪ್ರೆಸ್ ಎಂಬ ಸಂದು ಇರುತ್ತದೆ. ಅದಕ್ಕೆ ಹಾಕುವ ಕಾರ್ಡ್ 30 ಮಿ.ಮೀ. ಅಗಲ, ಸುಮಾರು 51 ಮಿ.ಮೀ. ಉದ್ದ. ಅದರ ಮುಂದಿನವುಗಳಲ್ಲಿ ಎಂ.2 ಎಂಬ ಬೇರೆ ಬಗೆಯ ಸಂದು. ಒಂದರ ಕಾರ್ಡ್ ಇನ್ನೊಂದಕ್ಕೆ ಕೂಡುವುದಿಲ್ಲ.

ಸಂದು ಇದ್ದರೂ ಎರಡು ಅಡಚಣೆಗಳು ಬರಬಹುದು. ಮೊದಲನೆಯದು ಆಂಟೆನಾ. ಪರದೆಯ ಅಂಚಿನಿಂದ ಇಳಿದು ಬರುವ ಮೊಬೈಲ್ ಜಾಲದ ಆಂಟೆನಾ ತಂತಿಗಳನ್ನು ಎಲ್ಲ ಯಂತ್ರಗಳಲ್ಲಿಯೂ ಹಾಕಿರುವುದಿಲ್ಲ. ಥಿಂಕ್‌ಪ್ಯಾಡ್‌ನಲ್ಲಿ ಇವು ಕೆಂಪು ಮತ್ತು ನೀಲಿ ಬಣ್ಣದವು. ಬೂದು ಮತ್ತು ಕಪ್ಪು ತಂತಿಗಳು ವೈಫೈಗೆ ಸೇರಿದವು, ಅವನ್ನು ಮುಟ್ಟಬಾರದು. ಎರಡನೆಯದು ತಯಾರಕರು ಯಂತ್ರದ ಬಯೋಸ್‌ನಲ್ಲಿ ಹಾಕಿರುವ ಅನುಮತಿ ಪಟ್ಟಿ. ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ ಆ ಕಾಲದ ಥಿಂಕ್‌ಪ್ಯಾಡ್ 1802 ಎಂಬ ಸಂಖ್ಯೆಯೊಡನೆ 'ಅನಧಿಕೃತ ಜಾಲ ಕಾರ್ಡ್' ಎಂಬ ಅರ್ಥದ ಎಚ್ಚರಿಕೆ ತೋರಿಸಿ ಅಲ್ಲಿಯೇ ನಿಂತುಬಿಡುತ್ತದೆ. ಗಾಬರಿಪಡಬೇಕಾಗಿಲ್ಲ, ಕಾರ್ಡ್ ತೆಗೆದರೆ ಯಂತ್ರ ಎಂದಿನಂತೆ ನಡೆಯುತ್ತದೆ. ಬಯೋಸ್ ತಿದ್ದಿಕೊಡುತ್ತೇವೆ ಎನ್ನುವವರಿದ್ದಾರೆ. ತಿದ್ದುವಾಗ ಕರೆಂಟ್ ಹೋದರೆ ಯಂತ್ರವೇ ಹಾಳಾಗಬಹುದಾದ್ದರಿಂದ ಹಳ್ಳಿಯಲ್ಲಿ ಈ ಸಾಹಸ ಬೇಡ.

ಇದಕ್ಕೆ ಸುಲಭವಾದ ಪರ್ಯಾಯವಿದೆ. ಮಿನಿ ಪಿ.ಸಿ.ಐ. ಎಕ್ಸ್‌ಪ್ರೆಸ್ ಮೋಡೆಮ್ ಕಾರ್ಡುಗಳು ಒಳಗೊಳಗೇ ಯು.ಎಸ್.ಬಿ. ತಂತಿಗಳ ಮೂಲಕವೇ ಮಾತನಾಡುತ್ತವೆ. ಆದ್ದರಿಂದ ಸಿಮ್ ಜಾಗವಿರುವ ಯು.ಎಸ್.ಬಿ. ಪೆಟ್ಟಿಗೆಯೊಂದರಲ್ಲಿ ಅದೇ ಕಾರ್ಡನ್ನು ಇಟ್ಟು ಹೊರಗಿನಿಂದ ಜೋಡಿಸಿದರೆ ಅನುಮತಿ ಪಟ್ಟಿಯ ತೊಡಕಿಲ್ಲ, ಹೊರ ಆಂಟೆನಾ ಹಾಕಲೂ ಅನುಕೂಲ. ನಮ್ಮ ತಾಕುಗಳ ಹವಾಮಾನ ಅಂಕಿಗಳನ್ನು ಕಳುಹಿಸಲು ನಾವು ಬಳಸುತ್ತಿರುವುದು ಈ ವಿಧಾನವನ್ನೇ. ಗಿಡಗಳ ಮಟ್ಟಕ್ಕಿಂತ ಮೇಲೆ ಆಂಟೆನಾ ಏರಿಸಲು ಇದರಲ್ಲಿ ಸಾಧ್ಯ.

ಜೋಡಿಸುವ ಕ್ರಮ

ಒಳಗೇ ಹಾಕುವುದಾದರೆ ಮೊದಲು ಚಾರ್ಜರ್ ಮತ್ತು ಬ್ಯಾಟರಿ ಎರಡನ್ನೂ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಕಳೆಯಬೇಕು. ಬೇಸಿಗೆಯ ಒಣ ಹವೆಯಲ್ಲಿ ಮೈಮೇಲೆ ಸ್ಥಿರ ವಿದ್ಯುತ್ ಸೇರಿರುತ್ತದೆ. ಭೂಮಿಗೆ ತಾಗಿರುವ ಲೋಹವನ್ನು ಮುಟ್ಟಿ ಕೆಲಸ ಆರಂಭಿಸುವುದು ಕ್ಷೇಮ. ಕಾರ್ಡನ್ನು ಓರೆಯಾಗಿ ಸಂದಿಗೆ ತೂರಿಸಿ, ಚಿನ್ನದ ಬಣ್ಣದ ಪಟ್ಟಿಗಳು ಕಾಣದಷ್ಟು ಒಳಸೇರಿದ ಮೇಲೆ ಕೆಳಕ್ಕೆ ಒತ್ತಿ ಸ್ಕ್ರೂ ಹಾಕಬೇಕು. ಆಂಟೆನಾ ತಂತಿಯ ತುದಿಯ ಗುಂಡಿಯನ್ನು ನೇರವಾಗಿ ಮೇಲಿನಿಂದ ಒತ್ತಿದರೆ 'ಟಿಕ್' ಎಂದು ಕೂಡುತ್ತದೆ. ಇದನ್ನು ಸುಮಾರು 30 ಬಾರಿ ತೆಗೆದು ಹಾಕಲು ಮಾತ್ರ ರೂಪಿಸಿರುವುದರಿಂದ ಪದೇ ಪದೇ ಕೀಳುವುದು ಸಲ್ಲದು. ತೆಗೆದ ಸ್ಕ್ರೂಗಳನ್ನು ಒಂದು ಕಾಗದದ ಮೇಲೆ ಜಾಗದ ಗುರುತು ಹಾಕಿ ಇಡಬೇಕು. ಗಿಡ್ಡ ಸ್ಕ್ರೂ ಇರಬೇಕಾದಲ್ಲಿ ಉದ್ದದ್ದು ಹಾಕಿದರೆ ಒಳಗಿನ ಹಲಗೆ ಸೀಳುತ್ತದೆ.

ಸಿಮ್ ಜಾಗ ಟಿ420, ಎಕ್ಸ್220 ಮಾದರಿಗಳಲ್ಲಿ ಬ್ಯಾಟರಿಯ ಗೂಡಿನಲ್ಲಿದೆ. ಅದು ಹಳೆಯ ದೊಡ್ಡ ಅಳತೆಯ ಸಿಮ್‌ಗೆ ಮಾಡಿದ್ದು. ಇಂದಿನ ನ್ಯಾನೊ ಸಿಮ್‌ಗೆ ಚೌಕಟ್ಟು ಬೇಕು. ಸಿಮ್ ಇಲ್ಲದ ಖಾಲಿ ಚೌಕಟ್ಟನ್ನು ಎಂದಿಗೂ ತೂರಿಸಬಾರದು. ಒಳಗಿನ ತಂತುಗಳು ಅದಕ್ಕೆ ಸಿಕ್ಕಿ ಮುರಿಯುತ್ತವೆ.

ದೋಷ ಹುಡುಕುವುದು

ಸಂಪರ್ಕ ಬಾರದಿದ್ದರೆ ತಂತ್ರಾಂಶವನ್ನು ಮತ್ತೆ ಮತ್ತೆ ಹಾಕುತ್ತಾ ಕೂರುವ ಬದಲು ಒಂದು ಕ್ರಮದಲ್ಲಿ ಸಾಗಬೇಕು. ಲ್ಯಾಪ್‌ಟಾಪ್‌ನ ಅಂಚಿನಲ್ಲಿ ನಿಸ್ತಂತು ಸಾಧನಗಳನ್ನು ಆರಿಸುವ ಸಣ್ಣ ಸ್ವಿಚ್ ಇದೆಯೇ, ಅದು ಆರಿದೆಯೇ ಎಂಬುದನ್ನು ಮೊದಲು ನೋಡಿ. ಅನೇಕ 'ಕೆಟ್ಟ' ಕಾರ್ಡುಗಳು ಇಷ್ಟಕ್ಕೇ ಗುಣವಾಗುತ್ತವೆ. ಡಾಂಗಲ್ ಆಗಿದ್ದರೆ, ಮೊದಲ ಸಲ ಅದು ತನ್ನನ್ನು ಸಿ.ಡಿ. ಡ್ರೈವ್ ಎಂದು ತೋರಿಸಿಕೊಳ್ಳುವುದು ಸಹಜ. ಅದರೊಳಗಿನ ತಂತ್ರಾಂಶ ಹಾಕಿದ ನಂತರ ಮೋಡೆಮ್ ಆಗಿ ಬದಲಾಗುತ್ತದೆ. ಕೆಲಸದ ನಡುವೆ ಡಾಂಗಲ್ ತಾನಾಗಿ ಮಾಯವಾಗಿ ಮತ್ತೆ ಬರುತ್ತಿದ್ದರೆ ವಿದ್ಯುತ್ ಸಾಲುತ್ತಿಲ್ಲವೆಂದು ತಿಳಿಯಬೇಕು. ಸಿಗ್ನಲ್ ಕ್ಷೀಣವಾದಷ್ಟೂ ಮೋಡೆಮ್ ಹೆಚ್ಚು ವಿದ್ಯುತ್ ಎಳೆಯುತ್ತದೆ, ಆದರೆ ಹಳೆಯ ಯು.ಎಸ್.ಬಿ. ತೂತು 500 ಮಿಲಿ ಆಂಪಿಯರ್‌ಗಿಂತ ಹೆಚ್ಚು ಕೊಡುವಂತೆ ಮಾಡಿದ್ದಲ್ಲ.

ಕಾರ್ಡ್ ಕಾಣುತ್ತಿದ್ದು ಸಿಮ್ ಕಾಣದಿದ್ದರೆ ಸಿಮ್‌ನ ಲೋಹದ ಮುಖವನ್ನು ಒಣ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿ. ಸಿಮ್ ಕಂಡು ಸಿಗ್ನಲ್ ಇಲ್ಲದಿದ್ದರೆ ಆಂಟೆನಾ ಗುಂಡಿಯನ್ನೂ ಬ್ಯಾಂಡನ್ನೂ ಪರಿಶೀಲಿಸಿ. ಮೋಡೆಮ್‌ನೊಡನೆ ನೇರವಾಗಿ ಮಾತನಾಡಲೂ ಸಾಧ್ಯ. ಹೇಸ್ ಕಂಪನಿ 1981ರಲ್ಲಿ ತನ್ನ ಮೋಡೆಮ್‌ಗೆ ರೂಪಿಸಿದ 'ಎ.ಟಿ.' ಆಜ್ಞೆಗಳಿಗೆ ಇಂದಿನ 4ಜಿ ಕಾರ್ಡುಗಳೂ ಉತ್ತರ ಕೊಡುತ್ತವೆ. 'ಎ.ಟಿ. ಪ್ಲಸ್ ಸಿ.ಎಸ್.ಕ್ಯೂ.' ಎಂಬ ಆಜ್ಞೆಗೆ 0ಯಿಂದ 31ರವರೆಗಿನ ಸಂಖ್ಯೆ ಬಂದರೆ ಅದು ಸಿಗ್ನಲ್ ಬಲ. 99 ಬಂದರೆ ಮೋಡೆಮ್ ಬಲವನ್ನು ಅಳೆಯಲಾಗಲಿಲ್ಲವೆಂದು ಅರ್ಥ.

ಸಿಗ್ನಲ್ ಇದ್ದೂ ಅಂತರಜಾಲ ಬಾರದಿದ್ದರೆ ಎ.ಪಿ.ಎನ್. ಎಂಬ ಹೆಸರು ತಪ್ಪಿರುವುದೇ ಹೆಚ್ಚು. ಜಿಯೋಗೆ 'ಜಿಯೋನೆಟ್', ಬಿ.ಎಸ್.ಎನ್.ಎಲ್.ಗೆ 'ಬಿಎಸ್ಎನ್ಎಲ್‌ನೆಟ್', ಏರ್‌ಟೆಲ್‌ಗೆ 'ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್' ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ತುಂಬಬೇಕು.

ಇನ್ನು ಜನರನ್ನು ಅತಿ ಹೆಚ್ಚು ಕಾಡುವ ದೋಷಕ್ಕೂ ಮೋಡೆಮ್‌ಗೂ ಸಂಬಂಧವೇ ಇಲ್ಲ. ಸಂಪರ್ಕ ಬಂದಿರುತ್ತದೆ, ಆದರೆ ಸರ್ಕಾರಿ ಅಥವಾ ಬ್ಯಾಂಕಿನ ತಾಣ ತೆರೆದರೆ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬರುತ್ತದೆ. ಆಗ ಪರದೆಯ ಮೂಲೆಯ ದಿನಾಂಕ ನೋಡಿ. ಒಳಗಿನ ನಾಣ್ಯದಂಥ ಸಣ್ಣ ಬ್ಯಾಟರಿ ಸತ್ತಿದ್ದರೆ ಯಂತ್ರ ಪ್ರತಿ ಸಲವೂ ಹಲವು ವರ್ಷ ಹಿಂದಿನ ದಿನಾಂಕಕ್ಕೆ ಮರಳುತ್ತದೆ. ತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಅವಧಿ ಇರುವುದರಿಂದ ದಿನಾಂಕ ತಪ್ಪಾದರೆ ಅವು ಅಮಾನ್ಯವಾಗುತ್ತವೆ. ದಿನಾಂಕ ಸರಿಯಿದ್ದೂ ತೊಂದರೆಯಾದರೆ ಕಾರ್ಯವ್ಯವಸ್ಥೆ ಹಳತಾಗಿದೆ ಎಂದರ್ಥ. ವಿಂಡೋಸ್ 7ಕ್ಕೆ ತಯಾರಕರ ಬೆಂಬಲ 2020ರ ಜನವರಿಯಲ್ಲಿಯೇ ನಿಂತಿತು. 2021ರ ಸೆಪ್ಟೆಂಬರ್ 30ರಂದು ಬಹಳ ತಾಣಗಳು ನೆಚ್ಚಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ನವೀಕರಿಸದ ಹಳೆಯ ಯಂತ್ರಗಳಲ್ಲಿ ಅವು ತೆರೆಯದಾದವು. ಇಂಥ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕಿಸುವುದು ಹೊಸ ಮೋಡೆಮ್ ಕೊಳ್ಳುವುದಕ್ಕಿಂತ ಉಪಯುಕ್ತ.

ಎಲ್ಲರಿಗೂ ಮೋಡೆಮ್ ಕಾರ್ಡ್ ಬೇಕೆಂದಿಲ್ಲ. ವಾರಕ್ಕೊಮ್ಮೆ ಬಳಸುವವರಿಗೆ ಮೊಬೈಲ್ ಫೋನಿನ ಹಾಟ್‌ಸ್ಪಾಟ್ ಧಾರಾಳವಾಗಿ ಸಾಕು. ಫೋನು ಯಜಮಾನರ ಜೇಬಿನಲ್ಲಿ ಹೊಲಕ್ಕೆ ಹೋದ ಮೇಲೂ ಕೆಲಸ ನಡೆಯಬೇಕಾದ ಸಂಘದ ಕಚೇರಿಗಳಿಗೆ ಇದು ಅನುಕೂಲ. ಅಂಥಲ್ಲಿ ಕಾರ್ಡಿಗೆಂದೇ ಬೇರೆ ಸಿಮ್ ತೆಗೆದುಕೊಳ್ಳಬೇಕು. ಆಧಾರ್‌ಗೂ ಬ್ಯಾಂಕ್ ಖಾತೆಗೂ ಜೋಡಿಸಿದ ಸಿಮ್ ಅನ್ನು ಲ್ಯಾಪ್‌ಟಾಪ್‌ಗೆ ಹಾಕಿದರೆ ಒ.ಟಿ.ಪಿ. ಫೋನಿಗೆ ಬರುವುದಿಲ್ಲ; ಅರ್ಜಿಯ ಕೊನೆಯ ಪುಟದಲ್ಲಿ ಅದನ್ನು ಕೇಳಿದಾಗ ಮತ್ತೆ ಬ್ಯಾಟರಿ ಬಿಚ್ಚಿ ಸಿಮ್ ತೆಗೆಯಬೇಕಾಗುತ್ತದೆ, ಅಷ್ಟರಲ್ಲಿ ಪುಟದ ಅವಧಿ ಮುಗಿದಿರುತ್ತದೆ.