ಮೆಟ್ಟಿಲಿನ ಅಂಚಿನ ಪಟ್ಟಿ: ಯಾವ ಗಮ್ ನಿಲ್ತದೆ, ಯಾವುದು ಏಳ್ತದೆ?

ಹಿಂದೆ ಕೇಳಿಸ್ತಿರುವುದು ಮಳೆ ಅಲ್ಲ, ಪಕ್ಕದ ಮನೆಯ ಅಡಿಕೆ ಸುಲಿಯುವ ಮೆಷಿನು. ಸ್ವಲ್ಪ ಸಹಿಸಿಕೊಳ್ಳಿ.

ಇವತ್ತಿನ ವಿಷಯ ಬರೀ ಒಂದೂವರೆ ಇಂಚು ಅಗಲದ್ದು. ಟೈಲ್ಸ್ ಹಾಕಿದ ಮೆಟ್ಟಿಲಿನ ಅಂಚಿಗೆ ಕೂರಿಸುವ ಲೋಹದ ಪಟ್ಟಿ. ಮೇಲೆ ಗೀರು ಗೀರು ಇರುವ ಅಲ್ಯೂಮಿನಿಯಂ ಅಥವಾ ಸ್ಟೀಲಿನ ‘ಎಲ್’ ಪಟ್ಟಿ. ಅದನ್ನು ಯಾವ ಗಮ್ ಹಾಕಿ ಅಂಟಿಸಬೇಕು ಅನ್ನುವುದು ಪ್ರಶ್ನೆ.

ಇದಕ್ಕೂ ಒಂದು ಎಪಿಸೋಡಾ ಅಂತ ಕೇಳ್ಬೇಡಿ. ನಮ್ಮ ಮಂಡೆಕೋಲು ಕಡೆಯ ಹಳೆಯ ಮನೆಗಳಲ್ಲಿ ಅಂಗಳದಿಂದ ಜಗಲಿಗೆ ಹತ್ತುವ ಮೆಟ್ಟಿಲು ಕೆಂಪುಕಲ್ಲಿನದ್ದು, ಮೇಲೆ ಸಿಮೆಂಟ್ ಸಾರಣೆ. ಚಂದ ಇರ್ಲಿಲ್ಲ, ಆದರೆ ಕಾಲಿಗೆ ಹಿಡಿತ ಸಿಗ್ತಿತ್ತು. ಈಗ ಸಿಟೌಟಿಗೆ ಹಾಕಿದ ಅದೇ ಹೊಳೆಯುವ ಟೈಲ್ಸ್ ಮೆಟ್ಟಿಲಿಗೂ ಬರ್ತದೆ. ಜೂನ್ ಬಂದರೆ ಸುಳ್ಯದ ಮಳೆ ಹೇಗೆ ಅಂತ ಗೊತ್ತಲ್ಲ. ತೋಟದಿಂದ ಒದ್ದೆ ಕಾಲಲ್ಲಿ ಬರುವವರು, ಕೊಡೆ ಮಡಚುತ್ತಾ ಹತ್ತುವವರು, ಎಲ್ಲರೂ ಕಾಲಿಡುವುದು ಆ ಅಂಚಿನ ಮೇಲೆಯೇ. ವಯಸ್ಸಾದವರು ಅಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಎದ್ದು ನಡೆಯುವುದು ಸುಲಭ ಅಲ್ಲ.

ಹಾಗಾಗಿ ಪಟ್ಟಿ ಬೇಕು. ಆದರೆ ಅರ್ಧ ಎದ್ದ ಪಟ್ಟಿ ಉಂಟಲ್ಲ, ಅದು ಪಟ್ಟಿ ಇಲ್ಲದ್ದಕ್ಕಿಂತ ಅಪಾಯ. ನಮ್ಮ ಮನೆಯಲ್ಲಿ ನಾನೇ ಅಂಟಿಸಿದ್ದೆ, ಏಪ್ರಿಲಲ್ಲಿ. ಆಗಸ್ಟ್ ಹೊತ್ತಿಗೆ ಮೂರನೇ ಮೆಟ್ಟಿಲಿನ ಪಟ್ಟಿಯ ಒಂದು ತುದಿ ಎದ್ದಿತ್ತು. ಅಜ್ಜಿಯ ಸೀರೆ ಅಂಚು ಅದಕ್ಕೆ ಸಿಕ್ಕಿಕೊಂಡಿತು. ಪುಣ್ಯಕ್ಕೆ ಕಂಬ ಹಿಡಿದ್ರು, ಬೀಳ್ಲಿಲ್ಲ. ನನಗೆ ಏನೂ ಬೈಲಿಲ್ಲ. ಮರುದಿನದಿಂದ ಹಿಂಬಾಗಿಲಲ್ಲಿ ಓಡಾಡ್ಲಿಕ್ಕೆ ಶುರು ಮಾಡಿದ್ರು. ಬೈದಿದ್ದರೇ ಒಳ್ಳೆಯದಿತ್ತು.

ನಾನು ಮಾಡಿದ ತಪ್ಪು, ಅಂಗಡಿಯಲ್ಲಿ “ಎಲ್ಲಕ್ಕಿಂತ ಸ್ಟ್ರಾಂಗ್ ಗಮ್ ಕೊಡಿ” ಅಂದದ್ದು. ಪ್ರಶ್ನೆಯೇ ತಪ್ಪು.

ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕುವ. ಬಿಕಾಂ ಓದಿದವನಿಗೆ ಲೆಕ್ಕ ಬಿಟ್ಟರೆ ಬೇರೆ ಗತಿ ಇಲ್ಲ. ನಾಲ್ಕು ಅಡಿ ಅಂದರೆ 1.2 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ. ಬೆಳಗ್ಗಿನ ಜಾವದ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ಪಟ್ಟಿಯ ಉಷ್ಣತೆಯಲ್ಲಿ 30 ಡಿಗ್ರಿ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಅಷ್ಟಕ್ಕೆ ಪಟ್ಟಿ ಸುಮಾರು 0.8 ಮಿಲಿಮೀಟರ್ ಹಿಗ್ಗುತ್ತದೆ. ಕೆಳಗಿರುವ ಟೈಲ್ಸ್ ಹಿಗ್ಗುವುದು ಹೆಚ್ಚುಕಡಿಮೆ ಅದರ ಮೂರನೇ ಒಂದು ಭಾಗ. ಅಂದರೆ ಪ್ರತಿದಿನ ಪಟ್ಟಿ ಮತ್ತು ಟೈಲ್ಸ್ ನಡುವೆ ಅರ್ಧ ಮಿಲಿಮೀಟರಿಗಿಂತ ಹೆಚ್ಚಿನ ಎಳೆದಾಟ. ಸ್ಟೀಲ್ ಆದರೆ ಸ್ವಲ್ಪ ಕಡಿಮೆ. ನಡುವೆ ಕಲ್ಲಿನ ಹಾಗೆ ಗಟ್ಟಿಯಾಗುವ ಗಮ್ ಇದ್ದರೆ ಅದು ಹಿಗ್ಗುವುದಿಲ್ಲ, ಬಗ್ಗುವುದಿಲ್ಲ. ಒಂದು ದಿನ ತುದಿಯಲ್ಲಿ ಬಿರುಕು ಬಿಡ್ತದೆ. ತುದಿ ಬಿಟ್ಟ ಮೇಲೆ ಕೇಳುವುದೇ ಬೇಡ, ಸ್ಟಿಕ್ಕರನ್ನು ಮೂಲೆಯಿಂದ ಎಬ್ಬಿಸಿದ ಹಾಗೆ ಸಲೀಸಾಗಿ ಬರ್ತದೆ. ಹಾಗಾಗಿ ಹೊರಗಿನ ಮೆಟ್ಟಿಲಿಗೆ ಬೇಕಾದದ್ದು ಗಟ್ಟಿ ಹಿಡಿಯುವ, ಆದರೆ ರಬ್ಬರಿನ ಹಾಗೆ ಎಳೆದಾಡುವ ಗಮ್.

ಇನ್ನೊಂದು ವಿಷಯ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಅದರ ತೂಕದ ಶೇ 0.5ಕ್ಕಿಂತಲೂ ಕಡಿಮೆ. ಲೋಹ ಹೀರುವುದೇ ಇಲ್ಲ. ಮರದ ಕೆಲಸದ ಬಿಳಿ ಗಮ್ ಒಣಗುವುದು ಅದರೊಳಗಿನ ನೀರು ಮರಕ್ಕೆ, ಗಾಳಿಗೆ ಹೋಗುವುದರಿಂದ. ಇಲ್ಲಿ ಆ ನೀರು ಹೋಗುವುದು ಎಲ್ಲಿಗೆ? ಅಂಚಿನಲ್ಲಿ ಒಣಗ್ತದೆ, ಒಳಗೆ ಮೊಸರಿನ ಹಾಗೆ ಕೂತಿರ್ತದೆ. ಮಳೆಗೆ ಮತ್ತೆ ಮೆತ್ತಗಾಗ್ತದೆ.

ಒಂದು ತಮಾಷೆ ಹೇಳ್ತೇನೆ. ಫೆವಿಕಾಲ್, ಫೆವಿಕ್ವಿಕ್, ಎಂ-ಸೀಲ್ ಮೂರೂ ಪಿಡಿಲೈಟ್ ಕಂಪನಿಯದ್ದೇ. 2020ರಲ್ಲಿ ಅರಾಲ್ಡೈಟನ್ನೂ ಅದೇ ಕಂಪನಿ ತಗೊಂಡಿತು. ಮನೆ ಒಂದೇ, ಸ್ವಭಾವ ಬೇರೆ ಬೇರೆ. ಹಾಗಾಗಿ ಹೆಸರು ನೋಡಿ ಪ್ರಯೋಜನ ಇಲ್ಲ, ಟ್ಯೂಬಿನ ಹಿಂದೆ ಯಾವ ಜಾತಿಯ ಗಮ್ ಅಂತ ಬರೆದಿದೆ, ಅದನ್ನು ಓದಿ.

ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಜಾತಿಯದ್ದು ಸಣ್ಣ ಮುರುಕುಗಳಿಗೆ ಸರಿ, ಮೆಟ್ಟಿಲಿಗಲ್ಲ. ಎರಡು ಟ್ಯೂಬ್ ಕಲಸಿ ಹಚ್ಚುವ ಎಪಾಕ್ಸಿ ಶಕ್ತಿಯಲ್ಲಿ ದೊಡ್ಡದು. ಬಿಸಿಲು ಬೀಳದ ಒಳಗಿನ ಮೆಟ್ಟಿಲಿಗೆ, ಚಿಕ್ಕ ಪಟ್ಟಿಗೆ ಅದನ್ನು ಬಳಸಬಹುದು. ಹೊರಗೆ, ಉದ್ದ ಪಟ್ಟಿಗೆ ಬೇಡ. ಸಿಲಿಕಾನ್ ಚೆನ್ನಾಗಿ ಎಳೆದಾಡ್ತದೆ. ಆದರೆ ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕಾನ್ ಒಣಗುವಾಗ ಆಮ್ಲ ಬಿಡ್ತದೆ. ಹಿತ್ತಾಳೆಗೆ, ಸಿಮೆಂಟಿಗೆ ಅದು ಆಗುವುದಿಲ್ಲ. ‘ನ್ಯೂಟ್ರಲ್’ ಅಂತ ಬರೆದದ್ದು ಪರವಾಗಿಲ್ಲ, ಆದರೂ ಅದು ಸಂದು ಮುಚ್ಚುವ ವಸ್ತು. ದಿನಾ ಮೆಟ್ಟುವ ಅಂಚಿನ ಭಾರ ಅದರ ಮೇಲೆ ಹಾಕ್ಬೇಡಿ.

ಉಳಿದದ್ದು ಎರಡು. ಪಿಯು, ಅಂದರೆ ಪಾಲಿಯುರೆಥೇನ್, ಗಟ್ಟಿ ಹಿಡಿತ, ಒಳ್ಳೆಯ ಎಳೆತ. ಕೈಗೆ ತಾಗಿದರೆ ಹೋಗುವುದಿಲ್ಲ, ಗ್ಲೌಸ್ ಹಾಕಲೇಬೇಕು, ಬಿಸಿಲಿಗೆ ಹೊರಗೆ ಕಾಣುವ ಭಾಗ ಹಳದಿಯಾಗ್ತದೆ. ಇನ್ನೊಂದು ಎಂಎಸ್ ಪಾಲಿಮರ್, ಕೆಲವು ಟ್ಯೂಬಲ್ಲಿ ‘ಹೈಬ್ರಿಡ್’ ಅಂತ ಇರ್ತದೆ. ಜಪಾನಿನ ಕನೇಕ ಕಂಪನಿ ತಂದದ್ದು. ಬಿಸಿಲಿಗೂ ಮಳೆಗೂ ತಡೆಯುತ್ತದೆ, ಲೋಹ ಟೈಲ್ಸ್ ಎರಡಕ್ಕೂ ಹಿಡಿಯುತ್ತದೆ. ಸಿಲಿಕಾನಿಗಿಂತ ದುಬಾರಿ, ಆದರೂ ನನ್ನ ಓಟು ಇದಕ್ಕೆ. ಎಕ್ಸ್‌ಪೈರಿ ದಿನಾಂಕ ಮಾತ್ರ ನೋಡಿಯೇ ತಗೊಳ್ಳಿ, ಹಳೇ ಸ್ಟಾಕ್ ಟ್ಯೂಬೊಳಗೇ ಗಟ್ಟಿಯಾಗಿರ್ತದೆ.

ಖರ್ಚು ಎಷ್ಟು? 300 ಮಿಲಿಲೀಟರಿನ ಒಂದು ಟ್ಯೂಬಿನಿಂದ 6 ಮಿಲಿಮೀಟರ್ ದಪ್ಪದ ಗೆರೆ ಸುಮಾರು 10 ಮೀಟರ್ ಎಳೆಯಬಹುದು. ನಾಲ್ಕಡಿ ಮೆಟ್ಟಿಲಿಗೆ ಎರಡು ಗೆರೆ ಅಂದರೆ ಒಂದು ಟ್ಯೂಬಲ್ಲಿ ನಾಲ್ಕು ಮೆಟ್ಟಿಲು.

ಗಮ್ ಸರಿ ಇದ್ದರೂ ಕೆಲಸ ಕೆಡುವುದು ಕ್ಲೀನ್ ಮಾಡುವಲ್ಲಿ. ಹಲಸಿನ ಹಣ್ಣು ಕೊಯ್ಯುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ತೇವಲ್ಲ, ಮಯಣ ಅಂಟದಿರಲಿ ಅಂತ? ಟೈಲ್ಸ್ ಮೇಲಿನ ಎಣ್ಣೆ, ಪಾಲಿಶ್, ಪಾಚಿ ಮಾಡುವುದೂ ಅದನ್ನೇ. ಸೋಪಿನ ನೀರಲ್ಲಿ ತಿಕ್ಕಿ, ಪೂರ್ತಿ ಒಣಗಿಸಿ, ಕೊನೆಗೆ ಬಿಳಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಬಟ್ಟೆ ಕೊಳೆಯಾಗುವುದು ನಿಲ್ಲುವವರೆಗೆ. ಪಟ್ಟಿಯ ಹಿಂಬದಿಯನ್ನು ಮರಳು ಕಾಗದದಲ್ಲಿ ಉಜ್ಜಿ ಹಾಗೆಯೇ ಒರೆಸಿ. ಹಾಂ, ಇದೆಲ್ಲಕ್ಕೂ ಮೊದಲು ಟೈಲ್ಸನ್ನು ಒಂದು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದರೆ ಟೈಲ್ಸೇ ಬಿಟ್ಟಿದೆ. ಅದಕ್ಕೆ ಪಟ್ಟಿ ಅಂಟಿಸಿದರೆ ಎರಡೂ ಒಟ್ಟಿಗೆ ಬರ್ತವೆ.

ಗಮ್ಮನ್ನು ದೋಸೆ ಹಿಟ್ಟಿನ ಹಾಗೆ ಇಡೀ ಪಟ್ಟಿಗೆ ಬಳಿಯಬೇಡಿ. ಇವು ಗಟ್ಟಿಯಾಗುವುದು ಗಾಳಿಯ ತೇವದಿಂದ, ಅದೂ ಅಂಚಿನಿಂದ ಒಳಗೆ, ದಿನಕ್ಕೆ ಎರಡು ಮೂರು ಮಿಲಿಮೀಟರ್ ಮಾತ್ರ. ನಡುವೆ ಜಾಗ ಬಿಟ್ಟು ಗೆರೆ ಎಳೆಯಿರಿ. ಒತ್ತುವಾಗ ಪೂರ್ತಿ ಹಿಂಡಬೇಡಿ. ಟೈಲ್ಸ್ ಕೆಲಸದವರ 2 ಮಿಲಿಮೀಟರ್ ಸ್ಪೇಸರ್ ಸಣ್ಣ ತುಂಡು ಅಲ್ಲಲ್ಲಿ ಇಟ್ಟರೆ ಗಮ್ಮಿಗೆ ಎಳೆದಾಡುವಷ್ಟು ದಪ್ಪ ಉಳಿಯುತ್ತದೆ. ಮಾಸ್ಕಿಂಗ್ ಟೇಪ್ ಹಾಕಿ ಬಿಡಿ.

ಈ ಸಲ ನಾನು ದೀಪಾವಳಿ ಕಳೆದು, ಬಿಸಿಲು ನಿಂತ ಮೇಲೆ ಮಾಡಿದ್ದು. ಎರಡು ದಿನ ಯಾರೂ ಮೆಟ್ಟದ ಹಾಗೆ ಮೆಟ್ಟಿಲಿಗೆ ಅಡ್ಡ ಒಂದು ಕುರ್ಚಿ ಇಟ್ಟೆ. ಮೂರನೇ ದಿನ ಬೆಳಗ್ಗೆ ನೋಡಿದರೆ ಕುರ್ಚಿ ಪಕ್ಕಕ್ಕೆ ಹೋಗಿತ್ತು, ಅಜ್ಜಿ ಸಿಟೌಟಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ರು.